ತರೀಕೆರೆಯ ಕರಿ ಕುರಿಮರಿ ಯಾವ ಟಿವಿಯಲ್ಲಿ ಕರಿ?

“ಅಣ್ಣಾ, ಎಲ್‌ಇಡಿ ತಗೊಳ್ಳೋದೋ, ಕ್ಯೂಎಲ್‌ಇಡಿ ತಗೊಳ್ಳೋದೋ? ಯಾವುದು ಬಾಳಿಕೆ ಬರುತ್ತೆ? ಯಾವುದರಲ್ಲಿ ಪಿಕ್ಚರ್ ಚೆನ್ನಾಗಿ ಕಾಣುತ್ತೆ? ಬೇಗ ಉತ್ತರ ಕೊಡಿ, ಹಬ್ಬ ಹತ್ತಿರ ಬಂತು!”

ಇದು ಒಬ್ಬರ ಪ್ರಶ್ನೆಯಲ್ಲ ಗೆಳೆಯರೇ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದೇ ತಡ, ನಮ್ಮ ಓದುಗರಿಗೆ ನಾಯಕಿಯರ ಜಾತಕ ಬೇಡವಾಯಿತು, ಟಿವಿಯ ಜಾತಕ ಬೇಕಾಯಿತು! ಕಡೂರಿನಿಂದ ಬಂದ ಪ್ರಶ್ನೆ ಬೇರೆ, ತರೀಕೆರೆಯದು ಬೇರೆ, ಅಜ್ಜಂಪುರದ್ದು ಬೇರೆ. ಒಳಗಿನ ಸಂಕಟ ಮಾತ್ರ ಒಂದೇ. ಕಂತಿನ ಸಾಲ ತೀರುವ ತನಕವಾದರೂ ಟಿವಿ ಬದುಕಿರುತ್ತದೆಯೇ?

‘ಸಿನಿಮಾ ಪತ್ರಿಕೆಗೆ ಟಿವಿಯ ಉಸಾಬರಿ ಯಾಕೆ?’ ಅಂತ ಕೇಳುವ ಮಹಾಶಯರಿಗೆ ಒಂದು ಮಾತು. ‘ಸಂಸ್ಕಾರ’ ತಯಾರಾದದ್ದು ನಮ್ಮ ಜಿಲ್ಲೆಯಲ್ಲೇ, ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಬಿಡುಗಡೆ 1970. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಇವತ್ತು ಅದನ್ನು ನೋಡಬೇಕೆಂದರೆ ಕಡೂರಿನ ಹುಡುಗ ಯಾವ ಟಾಕೀಸಿಗೆ ಹೋಗಬೇಕು? ಹಳೆಯ ಚಿತ್ರಕ್ಕೆ ಈಗ ಉಳಿದಿರುವ ಟಾಕೀಸು ಅಂದರೆ ಮನೆಯ ಪಡಸಾಲೆ. ಅಲ್ಲಿರೋ ಟಿವಿಯೇ ಬೆಳ್ಳಿತೆರೆ, ರಿಮೋಟ್ ಹಿಡಿದವನೇ ಆಪರೇಟರ್. ಹಿಂದೆ ಟೆಂಟಿನಲ್ಲಿ ಬೆಳಕು ಮಂಕಾದರೆ ನಮ್ಮ ಹಿರಿಯರು ಸೀಟಿ ಹೊಡೆದು “ಲೇಯ್, ಕಾರ್ಬನ್ ಸರಿ ಮಾಡೋ!” ಎಂದು ಕೂಗುತ್ತಿದ್ದರಂತೆ. ಮನೆಯಲ್ಲಿ ಮಂಕಾದರೆ ನಾವು ಯಾಕೆ ಸುಮ್ಮನೆ ಕೂರಬೇಕು?

ಅದಕ್ಕೇ ಮೂರು ವಾರ ಈ ಮೂರು ಊರು ಸುತ್ತಿದೆ. ರಿಪೇರಿ ಅಂಗಡಿ, ಮಾರುವ ಅಂಗಡಿ, ಮನೆ ಎಲ್ಲ ಹೊಕ್ಕೆ. ತಿಳಿದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಕ್ಲೈಮ್ಯಾಕ್ಸಿಗೆ ಕಾಯಿಸುವುದಿಲ್ಲ. ಡಬ್ಬದ ಮೇಲೆ ಬರೆದ ಹೆಸರು ನೋಡಬೇಡಿ, ಪರದೆಗೆ ಬೆಳಕು ಎಲ್ಲಿಂದ ಬರುತ್ತದೆ ಅಂತ ನೋಡಿ. ಚಿತ್ರ ಚೆನ್ನಾಗಿರುವುದೂ ಅದರಿಂದಲೇ, ಟಿವಿ ಸಾಯುವುದೂ ಬಹುಪಾಲು ಅದರಿಂದಲೇ.

ದೀಪ ಯಾರದ್ದು?

ಹಳೇ ಡಬ್ಬಾ ಟಿವಿ ಇತ್ತಲ್ಲ, ಪಿಕ್ಚರ್ ಟ್ಯೂಬಿನದು, ಅದು ತನ್ನ ಬೆಳಕನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಗಾಜಿನ ಬುರುಡೆಯ ಹಿಂಬದಿಯಲ್ಲೊಂದು ಎಲೆಕ್ಟ್ರಾನ್ ಬಂದೂಕು, ಮುಂದೆ ರಂಜಕದ ಲೇಪ. ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡದಲ್ಲಿ ಎಲೆಕ್ಟ್ರಾನು ಓಡಿ ಬಂದು ಲೇಪಕ್ಕೆ ಬಡಿದಲ್ಲಿ ಬೆಳಕು. ಬಡಿಯದಲ್ಲಿ? ಕತ್ತಲು. ಸರಳ ಲೆಕ್ಕ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾದಾಗಲೂ, 1982ರಲ್ಲಿ ದೇಶಕ್ಕೆ ಬಣ್ಣದ ಟಿವಿ ಬಂದಾಗಲೂ ಇದ್ದದ್ದು ಇದೇ. ಡಯನೋರಾ, ಸಾಲಿಡೇರ್, ಬಿಪಿಎಲ್, ಕೊಂಬಿನ ಭೂತದ ಜಾಹೀರಾತಿನ ಒನಿಡಾ ಎಲ್ಲರ ಹೊಟ್ಟೆಯಲ್ಲೂ ಇದೇ ಬಂದೂಕು.

ನಡುವೆ ಪ್ಲಾಸ್ಮಾ ಅಂತ ಒಂದು ಬಂತು. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿದ್ಯೆ ಅದು. ಚಿತ್ರ ಸೊಗಸು, ಆದರೆ ಭಾರ, ಬಿಸಿ, ಕರೆಂಟು ಕುಡಿಯುವ ಭಂಡಾಸುರ. ಪ್ಯಾನಾಸೋನಿಕ್ 2013ರ ಕೊನೆಗೆ ಕೈ ಬಿಟ್ಟಿತು, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ. ನಮ್ಮ ಕಡೆಗೆ ಅದು ಬಂದದ್ದಕ್ಕಿಂತ ಬರದೇ ಇದ್ದದ್ದೇ ಹೆಚ್ಚು. ಅದರ ಸುದ್ದಿ ಇಲ್ಲಿಗೆ ಸಾಕು.

ಈಗ ಅಂಗಡಿಯಲ್ಲಿರುವ ನೂರಕ್ಕೆ ತೊಂಬತ್ತು ಟಿವಿಗಳು ಎಲ್‌ಸಿಡಿ. “ಇಲ್ಲಾ ಸಾರ್, ನಮ್ದು ಎಲ್‌ಇಡಿ” ಅಂತ ಎದೆ ತಟ್ಟಿಕೊಳ್ಳಬೇಡಿ. ಎಲ್‌ಇಡಿ ಟಿವಿ ಅಂದರೂ ಎಲ್‌ಸಿಡಿಯೇ! ಮುಂದೆ ಇರೋದು ದ್ರವಸ್ಫಟಿಕದ ಹಾಳೆ. ಅದಕ್ಕೆ ಸ್ವಂತ ಬೆಳಕಿಲ್ಲ, ಕಿಟಕಿಯ ರೆಕ್ಕೆಯ ಹಾಗೆ ತೆರೆದು ಮುಚ್ಚುವುದಷ್ಟೇ ಅದರ ಕೆಲಸ. ಹಿಂದೆ ದೀಪ ಉರಿಯುತ್ತಿರಬೇಕು. ಮೊದಲು ಸಣ್ಣ ಟ್ಯೂಬ್‌ಲೈಟ್ ಇಡುತ್ತಿದ್ದರು, ಆಮೇಲೆ ಎಲ್‌ಇಡಿ ಬಲ್ಬಿನ ಪಟ್ಟಿ ಇಟ್ಟರು. ಹೆಸರು ಬದಲಾಯಿತು, ಸಾಮಾನು ಅದೇ. ಇನ್ನು ಕ್ಯೂಎಲ್‌ಇಡಿ? ಸ್ಯಾಮ್‌ಸಂಗ್ 2017ರಿಂದ ಮೆರೆಸಿದ ಹೆಸರು. ಈಗ ಬೇರೆ ಕಂಪನಿಗಳೂ ಹಾಕಿಕೊಳ್ಳುತ್ತವೆ. ಅದೂ ಎಲ್‌ಸಿಡಿಯೇ. ನೀಲಿ ಬೆಳಕಿನ ಮುಂದೆ ಕ್ವಾಂಟಂ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಹಾಳೆ ಹಾಸುತ್ತಾರೆ. ಕಣದ ಗಾತ್ರ ಬದಲಾದರೆ ಬಣ್ಣ ಬದಲು. ಈ ಕಣಗಳಿಗಾಗಿಯೇ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು, ಮೂವರಿಗೆ. ಕೆಂಪು ನಿಜವಾದ ಕೆಂಪಾಗುತ್ತದೆ, ಹಸಿರು ಹಸಿರಾಗುತ್ತದೆ, ಸುಳ್ಳಲ್ಲ. ಆದರೆ ಕಪ್ಪಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕಪ್ಪಿನ ಕಥೆಯೇ ಇಲ್ಲಿ ಮುಖ್ಯ. ರೆಕ್ಕೆ ಎಷ್ಟು ಬಿಗಿಯಾಗಿ ಮುಚ್ಚಿದರೂ ಹಿಂದಿನ ದೀಪ ಸಂದಿಯಲ್ಲಿ ಇಣುಕುತ್ತದೆ. ಕಪ್ಪು ಬೂದಿಯಾಗುತ್ತದೆ. ನಾಲಿಗೆ ತೊಡರಿಸುವ ಆ ಮಾತಿನಲ್ಲಿ ತರೀಕೆರೆಯ ಏರಿ ಮೇಲೆ ಮೇಯುವ ಕುರಿಮರಿಗಳನ್ನು ಈ ಟಿವಿಯಲ್ಲಿ ತೋರಿಸಿದರೆ, ಮರಿ ಮೂರೇ ಇರುತ್ತವೆ, ಆದರೆ ಕರಿ ಇರುವುದಿಲ್ಲ!

ಎಲ್‌ಸಿಡಿಯಲ್ಲೂ ಎರಡು ಜಾತಿ. ಐಪಿಎಸ್ ಎಂಬುದರಲ್ಲಿ ಬಿಳಿಯು ಕಪ್ಪಿಗಿಂತ ಸುಮಾರು ಸಾವಿರ ಪಟ್ಟು ಬೆಳಗುತ್ತದೆ. ವಿಎ ಎಂಬುದರಲ್ಲಿ ಮೂರು ಸಾವಿರ ಪಟ್ಟು, ಕೆಲವದರಲ್ಲಿ ಇನ್ನೂ ಹೆಚ್ಚು. ಅಂದರೆ ವಿಎಯಲ್ಲಿ ಕಪ್ಪು ಹೆಚ್ಚು ಕಪ್ಪು. ಆದರೆ ಅದನ್ನು ಎದುರಿಗೇ ಕೂತು ನೋಡಬೇಕು, ಪಕ್ಕಕ್ಕೆ ಸರಿದರೆ ಬಣ್ಣ ಬಿಳುಚಿಕೊಳ್ಳುತ್ತದೆ. ಹಬ್ಬದ ದಿನ ಗೋಡೆಯಿಂದ ಗೋಡೆಗೆ ಜನ ಕೂತಿದ್ದರೆ ಮೂಲೆಯಲ್ಲಿರುವ ಭಾವಮೈದುನನಿಗೆ ನಾಯಕಿ ಜ್ವರ ಬಂದವಳ ಹಾಗೆ ಕಾಣುತ್ತಾಳೆ. ಐಪಿಎಸ್‌ನಲ್ಲಿ ಆ ಕಾಟ ಕಡಿಮೆ. ಯಾರು ಎಲ್ಲಿ ಕೂರುತ್ತಾರೆ ಅಂತ ನಿಮ್ಮ ಮನೆ ನೋಡಿ ತೀರ್ಮಾನಿಸಿ.

ಇನ್ನೊಂದು ಇದೆ, ಓಎಲ್‌ಇಡಿ. ಇಂಗ್ಲಿಷಿನ ‘ಓ’ಗೆ ಬಾಲ ಸಿಕ್ಕಿಸಿದರೆ ‘ಕ್ಯೂ’ ಆಗುತ್ತಲ್ಲ, ಆ ಬಾಲವೊಂದರ ವ್ಯತ್ಯಾಸ ಸಾವಿರಾರು ರೂಪಾಯಿ! 2007ರಲ್ಲಿ ಸೋನಿ 11 ಇಂಚಿನದೊಂದನ್ನು ಮಾರಾಟಕ್ಕಿಟ್ಟಿತು, 2013ರಲ್ಲಿ ಎಲ್‌ಜಿ 55 ಇಂಚಿನದನ್ನು ತಂದಿತು. ಇಲ್ಲಿ ಹಿಂದೆ ದೀಪವೇ ಇಲ್ಲ. 4ಕೆ ಪರದೆಯ ಸುಮಾರು 83 ಲಕ್ಷ ಚುಕ್ಕಿಗಳಲ್ಲಿ ಪ್ರತಿಯೊಂದೂ ತಾನೇ ಉರಿದು ತಾನೇ ಆರುತ್ತದೆ. ಆರಿದರೆ ಪೂರ್ತಿ ಕತ್ತಲು. ಡಬ್ಬಾ ಟಿವಿಯ ಹಳೇ ಗುಣ ತಟ್ಟೆಯಷ್ಟು ತೆಳ್ಳಗಾಗಿ ವಾಪಸು ಬಂದ ಹಾಗೆ. ಚಿತ್ರದ ವಿಷಯಕ್ಕೆ ಬಂದರೆ ಇದರ ಮುಂದೆ ಉಳಿದವು ಸಹನಟರು, ಅನುಮಾನ ಬೇಡ.

ಕಡೂರಿನ ಟಾರ್ಚು

ಆದರೆ ಚೆಂದ ಬೇರೆ, ಬಾಳಿಕೆ ಬೇರೆ. ಬಾಳಿಕೆಯ ಮಾತು ಕೇಳಬೇಕಾದರೆ ಮಾರುವವರ ಹತ್ತಿರ ಹೋಗಬಾರದು, ಬಿಚ್ಚುವವರ ಹತ್ತಿರ ಹೋಗಬೇಕು. ಕಡೂರಿನಲ್ಲಿ ಅಂಥ ಒಬ್ಬರಿದ್ದಾರೆ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಗಿರಾಕಿಗಳು ಅವರನ್ನು ಕರೆಯೋದು ‘ಟಿವಿ ಅಣ್ಣ’ ಅಂತ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಗೋಡೆಗೆ ಒರಗಿಸಿದ ಸತ್ತ ಪ್ಯಾನೆಲ್ಲುಗಳು ಹಂಚಿನ ಕಾರ್ಖಾನೆಯ ಹಂಚಿನ ಹಾಗೆ ಸಾಲಾಗಿ ನಿಂತಿವೆ.

ನಾನು ಹೋದಾಗ ಅಜ್ಜಂಪುರ ಕಡೆಯ ಒಬ್ಬ ಹುಡುಗ 43 ಇಂಚಿನ ಟಿವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದ. ಅಡಿಕೆ ಸುಲಿಯೋ ಕೆಲಸ. ಹದಿನೆಂಟು ತಿಂಗಳ ಕಂತಿನಲ್ಲಿ ತೆಗೆದದ್ದು, ವಾರಂಟಿ ಒಂದು ವರ್ಷ, ಟಿವಿ ಕಣ್ಣು ಮುಚ್ಚಿದ್ದು ಹದಿನಾಲ್ಕನೇ ತಿಂಗಳಿಗೆ. ಅಂದರೆ ಇನ್ನೂ ನಾಲ್ಕು ಕಂತು ಸತ್ತ ಟಿವಿಗೆ ಕಟ್ಟಬೇಕು! ಮಾತು ಕೇಳುತ್ತೆ, ಮುಖ ಕಾಣಲ್ಲ. “ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ ಅಂದ್ರಣ್ಣ” ಅಂದ. ಅವನ ಮುಖ ನೋಡಿದರೆ ಅವನದ್ದೂ ಬ್ಯಾಕ್‌ಲೈಟ್ ಹೋದ ಹಾಗಿತ್ತು.

ಟಿವಿ ಅಣ್ಣ ಏನೂ ಬಿಚ್ಚಲಿಲ್ಲ. ಟಿವಿ ಹಚ್ಚಿ, ಅಂಗಡಿಯ ದೀಪ ಆರಿಸಿ, ಕೈಯಲ್ಲಿದ್ದ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರು. “ನೋಡಪ್ಪ ಒಳಗೆ.” ನೋಡಿದೆವು. ಟಾರ್ಚಿನ ಬೆಳಕು ಬಿದ್ದಷ್ಟು ಜಾಗದಲ್ಲಿ ಮಸಕಾಗಿ ಯಾರೋ ಓಡಾಡುತ್ತಿದ್ದರು! ಚಿತ್ರ ಬರುತ್ತಾ ಇದೆ, ಹಿಂದಿನ ದೀಪ ಮಾತ್ರ ಇಲ್ಲ.

“ಪ್ಯಾನೆಲ್ಲು ಬದುಕೈತೆ. ಪಟ್ಟಿ ಸತ್ತೈತೆ” ಅಂದರು. ಆ ಎಲ್‌ಇಡಿ ಪಟ್ಟಿಗಳು ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಬಾಲಕ್ಕೆ ಒಂದು. ಒಂದು ಬಲ್ಬು ಹೋದರೆ ಸಾಲು ಪೂರ್ತಿ ಕತ್ತಲು. ಹೋಗಿದ್ದು ಒಂದೇ ಬಲ್ಬು. ಆದರೂ ಅವರು ಪಟ್ಟಿ ಮೂರನ್ನೂ ಬದಲಾಯಿಸಿದರು, “ಒಂದು ಬೆಂದಿದ್ರೆ ಉಳಿದವೂ ಬೇಯ್ತಾ ಇರ್ತವೆ” ಅಂತ. ಬಿಲ್ಲು 1,900 ರೂಪಾಯಿ. ಹುಡುಗನ ಮುಖಕ್ಕೆ ಬೆಳಕು ಬಂತು.

ಬೇಯುವುದು ಯಾಕೆ? ಬಿಸಿಯಿಂದ. ಅಂಗಡಿಯಿಂದ ಬಂದ ಟಿವಿಯಲ್ಲಿ ಬ್ಯಾಕ್‌ಲೈಟ್ ಬಹಳ ಸಲ ನೂರಕ್ಕೆ ನೂರು ಇರುತ್ತದೆ, ನಾವು ಅದನ್ನು ಮುಟ್ಟುವುದೇ ಇಲ್ಲ. ಬೆಳಗ್ಗೆ ಭಕ್ತಿಗೀತೆಯಿಂದ ರಾತ್ರಿ ಧಾರಾವಾಹಿವರೆಗೆ ದಿನಕ್ಕೆ ಹನ್ನೆರಡು ಗಂಟೆ ಆ ಬಲ್ಬುಗಳು ತಮ್ಮ ಪೂರ್ತಿ ಶಕ್ತಿಯಲ್ಲಿ ಉರಿಯುತ್ತವೆ. ಟಿವಿ ಅಣ್ಣನ ಸಲಹೆ: “ರಾತ್ರಿ ಹೊತ್ತು 50ಕ್ಕೆ ಇಳಿಸು. ಕಣ್ಣಿಗೂ ತಂಪು, ಪಟ್ಟಿಗೂ ತಂಪು.” ಸೆಟ್ಟಿಂಗ್ಸಿನಲ್ಲಿ ‘ಬ್ರೈಟ್‌ನೆಸ್’ ಬೇರೆ, ‘ಬ್ಯಾಕ್‌ಲೈಟ್’ ಬೇರೆ ಇದ್ದರೆ ಇಳಿಸಬೇಕಾದದ್ದು ಬ್ಯಾಕ್‌ಲೈಟನ್ನು, ನೆನಪಿರಲಿ.

ಇದು ಕಡೂರಿನ ಒಬ್ಬರ ಅನುಭವ ಮಾತ್ರ ಅಂತ ಮೂಗು ಮುರಿಯುವವರಿಗೆ ಕೆನಡಾದ ಸಾಕ್ಷಿ ಇದೆ. ಆರ್‌ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆ 2022ರ ಕೊನೆಯಲ್ಲಿ ನೂರು ಟಿವಿಗಳನ್ನು ಸಾಲಾಗಿ ನಿಲ್ಲಿಸಿ, ದಿನದ ಹೆಚ್ಚು ಹೊತ್ತು ಸಿಎನ್‌ಎನ್ ಸುದ್ದಿ ಹಚ್ಚಿ ವರ್ಷಗಟ್ಟಲೆ ಓಡಿಸಿತು. ಎರಡು ಸಂಗತಿ ಎದ್ದು ಕಂಡವು. ಒಂದು, ಬಲ್ಬುಗಳನ್ನು ಪರದೆಯ ಅಂಚಿನಲ್ಲಿ ಮಾತ್ರ ಜೋಡಿಸಿದ ತೆಳು ಟಿವಿಗಳು ಹೆಚ್ಚು ಕೆಟ್ಟವು. ಬಿಸಿಯೆಲ್ಲ ಒಂದೇ ಅಂಚಿಗೆ ಸೇರಿ ಒಳಗಿನ ಹಾಳೆ ಸೊಟ್ಟಗಾಯಿತು, ತೆರೆಯ ಮೇಲೆ ಕಲೆ ಬಿದ್ದ ಹಾಗೆ ಕಾಣತೊಡಗಿತು. ಹಿಂಬದಿಯಲ್ಲಿ ಪೂರ್ತಿ ಬಲ್ಬು ಹರಡಿದ, ಸ್ವಲ್ಪ ದಪ್ಪನೆಯ ಟಿವಿಗಳು ಆ ಕಾಟದಿಂದ ಪಾರಾದವು. ಸಪೂರ ಸೊಂಟಕ್ಕೆ ಮರುಳಾಗುವ ನಮ್ಮ ಹುಡುಗರು ಇದನ್ನು ಎರಡು ಸಲ ಓದಲಿ!

ಎರಡನೆಯದು ಓಎಲ್‌ಇಡಿಗೆ ಸಂಬಂಧಿಸಿದ್ದು. ಸಿಎನ್‌ಎನ್‌ನ ಅಲುಗಾಡದ ಗುರುತು, ಕೆಳಗಿನ ಪಟ್ಟಿ ಎಲ್ಲ ಪರದೆಯಲ್ಲಿ ಅಚ್ಚೊತ್ತಿ ಕೂತವು. ಚುಕ್ಕಿಗಳು ತಾವೇ ಉರಿಯುತ್ತವಲ್ಲ, ಒಂದೇ ಕಡೆ ಹೆಚ್ಚು ಉರಿದವು ಬೇಗ ಸವೆಯುತ್ತವೆ. ಈಗ ನಮ್ಮ ಮನೆಗಳನ್ನು ನೆನಪಿಸಿಕೊಳ್ಳಿ. ಕನ್ನಡದ ಸುದ್ದಿ ವಾಹಿನಿ ಅಂದರೆ ಕೆಳಗೊಂದು ಕೆಂಪು ಪಟ್ಟಿ, ಅದರ ಕೆಳಗೊಂದು ಹಳದಿ ಪಟ್ಟಿ, ಮೂಲೆಯಲ್ಲೊಂದು ‘ಬ್ರೇಕಿಂಗ್’. ಅಪ್ಪ ದಿನಕ್ಕೆ ಆರು ಗಂಟೆ ಸುದ್ದಿ ನೋಡುವ ಮನೆಗೆ ಲಕ್ಷ ರೂಪಾಯಿಯ ಓಎಲ್‌ಇಡಿ ತಂದರೆ, ಕೆಲವು ವರ್ಷದಲ್ಲಿ ಪುಟ್ಟಣ್ಣನವರ ಚಿತ್ರದ ಕೆಳಗೂ ಬ್ರೇಕಿಂಗ್ ನ್ಯೂಸಿನ ನೆರಳು ಓಡುತ್ತಿರುತ್ತದೆ. ಸಿನಿಮಾ ಮಾತ್ರ ನೋಡುವ, ಕೋಣೆಗೆ ಚಿಲಕ ಇರುವ ಪುಣ್ಯವಂತರಿಗೆ ಓಎಲ್‌ಇಡಿ. ಅನೇಕ ಕಂಪನಿಗಳ ವಾರಂಟಿಯಲ್ಲಿ ಈ ಅಚ್ಚು ಬೀಳುವ ರೋಗ ಸೇರಿಲ್ಲ, ಓದಿ ಸಹಿ ಹಾಕಿ.

ರಿಪೇರಿಗೆ ಬರುವ ಬೇರೆ ರೋಗಗಳ ಪಟ್ಟಿಯೂ ಟಿವಿ ಅಣ್ಣನ ನಾಲಿಗೆ ತುದಿಯಲ್ಲಿದೆ. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿಗೆ ಬೋರ್ಡು ಸುಟ್ಟು ಬರುವವು ಒಂದು ರಾಶಿ. “ಸ್ವಿಚ್ ಆಫ್ ಮಾಡಿದ್ದೆ ಅಂತಾರೆ. ಡಿಶ್ಶಿನ ವೈರು ಹಾಗೇ ಇರ್ತೈತೆ. ಸಿಡಿಲಿಗೆ ದಾರಿ ಒಂದೇ ಏನು?” ಪ್ಲಗ್ಗೂ ಕೀಳಬೇಕು, ಡಿಶ್ಶಿನ ಕೇಬಲ್ಲೂ ಕೀಳಬೇಕು. ತೋಟದ ಮೋಟರುಗಳು ಒಟ್ಟಿಗೆ ಹತ್ತಿದಾಗ ಬೀಳುವ ವೋಲ್ಟೇಜಿಗೆ ಹೆದರಿ ದೊಡ್ಡ ಸ್ಟೆಬಿಲೈಜರ್ ಕೊಳ್ಳುವವರಿದ್ದಾರೆ. ಈಗಿನ ಬಹುಪಾಲು ಟಿವಿಗಳು 100ರಿಂದ 240 ವೋಲ್ಟಿನ ತನಕ ತಾವೇ ಹೊಂದಿಕೊಳ್ಳುತ್ತವೆ, ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ. ಕೊಲ್ಲುವುದು ಕಡಿಮೆ ವೋಲ್ಟೇಜಲ್ಲ, ಕರೆಂಟು ಹೋಗಿ ವಾಪಸು ಬರುವಾಗಿನ ಒದೆತ. ಅದಕ್ಕೆ ಸರ್ಜ್ ತಡೆಯುವ ಪ್ಲಗ್ಗು ಸಾಕು.

ಇನ್ನೊಂದು ರೋಗ ಕೇಳಿ ನಕ್ಕುಬಿಟ್ಟೆ. ಆಯುಧಪೂಜೆ ಮುಗಿದ ವಾರ ಪರದೆ ಮೇಲೆ ಗೆರೆ ಬಿದ್ದ ಟಿವಿಗಳು ಸಾಲುಗಟ್ಟಿ ಬರುತ್ತವಂತೆ! ಒದ್ದೆ ಬಟ್ಟೆಯಲ್ಲಿ ತಿಕ್ಕಿ ತೊಳೆದು ವಿಭೂತಿ ಹಚ್ಚುತ್ತಾರೆ. ನೀರು ಗಾಜಿನ ಮೇಲೆ ಇಳಿದು ಕೆಳಗಿನ ಅಂಚಿಗೆ ಸೇರುತ್ತದೆ. ಪ್ಯಾನೆಲ್ಲಿಗೆ ಚಿತ್ರ ಕೊಡುವ ಕೂದಲೆಳೆಯ ವೈರುಗಳು ಇರುವುದು ಬಹುಪಾಲು ಅಲ್ಲೇ. ಗೆರೆ ಬಿದ್ದರೆ ಅದು ಪ್ಯಾನೆಲ್ಲಿನ ರೋಗ, ಪಟ್ಟಿಯದಲ್ಲ. ಹೊಸ ಪ್ಯಾನೆಲ್ಲಿನ ಬೆಲೆ ಹೊಸ ಟಿವಿಯ ಹತ್ತಿರ ಹತ್ತಿರ ಹೋಗುತ್ತದೆ. ದೇವರು ಒಣ ಬಟ್ಟೆಯ ಪೂಜೆಯನ್ನೂ ಒಪ್ಪಿಕೊಳ್ಳುತ್ತಾನೆ, ಬಿಡಿ.

ತರೀಕೆರೆಯ ಗಿಳಿ

ತರೀಕೆರೆಯಲ್ಲಿ ಮಾರುವ ಅಂಗಡಿಗೆ ಹೊಕ್ಕರೆ ಎದುರಿಗೆ ಹದಿನಾರು ಟಿವಿ, ಹದಿನಾರರಲ್ಲೂ ಒಂದೇ ಗಿಳಿ. ಗಿಳಿ ಹೋದರೆ ಕಿತ್ತಳೆ ಹಣ್ಣು, ಕಿತ್ತಳೆ ಹೋದರೆ ಜಲಪಾತ. ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯ ಊರಿನಲ್ಲಿ ಪರದೇಶದ ಜಲಪಾತ ನೋಡಿ ಬಾಯಿ ಬಿಡುವ ನಮ್ಮ ಭಾಗ್ಯ! ಗಮನಿಸಿ, ಆ ಚಿತ್ರಗಳಲ್ಲಿ ಕತ್ತಲು ಎನ್ನುವುದೇ ಇಲ್ಲ. ಕತ್ತಲು ತೋರಿಸಿದರೆ ಬಂಡವಾಳ ಬಯಲು.

ಮಾರುವ ಹುಡುಗನಿಗೆ ಕೇಳಿಕೊಂಡೆ: “ಒಂದು ಉಪಕಾರ ಮಾಡಪ್ಪ, ಯೂಟ್ಯೂಬಿನಲ್ಲಿ ‘ಕೆಜಿಎಫ್’ ಟ್ರೈಲರ್ ಹಾಕು.” ಅವನೂ ಯಶ್ ಅಭಿಮಾನಿ, ಸಂತೋಷದಿಂದ ಹಾಕಿದ. 2018ರ ಆ ಚಿತ್ರಕ್ಕೆ ಭುವನ್ ಗೌಡ ಹಿಡಿದ ಬೆಳಕು ನಿಮಗೆ ಗೊತ್ತು. ಮಸಿ, ದೂಳು, ಅರ್ಧ ಮುಖಕ್ಕೆ ಬೆಳಕು, ಅರ್ಧ ಮುಖ ಗಣಿಯೊಳಗೆ. ಗಿಳಿಯನ್ನು ಝಗಝಗಿಸಿದ ಟಿವಿಯೊಂದರಲ್ಲಿ ಗಣಿಯ ಕತ್ತಲು ಸೀಮೆಂಟಿನ ಬಣ್ಣಕ್ಕೆ ಬಂತು. ಅದರ ಪಕ್ಕದಲ್ಲಿ, ಗಿಳಿ ಸ್ವಲ್ಪ ಸಪ್ಪೆಯಾಗಿ ಕಂಡ ಸೆಟ್ಟಿನಲ್ಲಿ ಕತ್ತಲು ಕತ್ತಲಾಗೇ ಇತ್ತು. ಪಕ್ಕಕ್ಕೆ ಸರಿದು ನೋಡಿದರೆ ಬಣ್ಣ ಬಿಳುಚಿತು. ಗೊತ್ತಾಯಿತಲ್ಲ, ಅದು ವಿಎ. ಬೆಲೆಯಲ್ಲಿ ಎರಡಕ್ಕೂ ಐನೂರು ರೂಪಾಯಿ ವ್ಯತ್ಯಾಸ, ಅದೂ ಸಪ್ಪೆಯದೇ ಅಗ್ಗ!

“ಬ್ರೈಟ್ ಇದ್ರೇನೇ ಸಾರ್ ಮಾಲು ಹೋಗೋದು” ಅಂದ ಹುಡುಗ, ತಗ್ಗಿದ ದನಿಯಲ್ಲಿ. ಪ್ರಾಮಾಣಿಕ.

ನಮ್ಮ ಮೈಸೂರಿನ ವಿ.ಕೆ. ಮೂರ್ತಿ 1959ರಲ್ಲೇ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲು ಇಳಿಸಿ ಲೋಕವನ್ನೇ ಬೆರಗುಗೊಳಿಸಿದವರು. ಭಾರತದ ಮೊದಲ ಸಿನಿಮಾಸ್ಕೋಪ್ ಅದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ, 2008ರ ಸಾಲಿನದು. ಆ ಬೆಳಕಿನ ಕೋಲಿಗೆ ಬೆಲೆ ಬಂದದ್ದು ಸುತ್ತಲಿನ ಕತ್ತಲಿನಿಂದ. ಸುತ್ತ ಬೂದಿ ಬಣ್ಣ ಬಳಿದರೆ ಉಳಿಯುವುದು ಬರೀ ಹೊಗೆ.

ಅಂಗಡಿಯಲ್ಲಿ ಇನ್ನೊಂದು ಮಾಟ ನಡೆಯುತ್ತದೆ. ಓಡುವ ದೃಶ್ಯ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ‘ಎಷ್ಟು ಕ್ಲಿಯರ್!’ ಅನಿಸುತ್ತದೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚೌಕಟ್ಟು. ಟಿವಿ ತನ್ನ ಸ್ವಂತ ಬುದ್ಧಿಯಿಂದ ನಡುನಡುವೆ ಹೊಸ ಚೌಕಟ್ಟು ಹೊಸೆದು ತುಂಬುತ್ತದೆ. ಆಗ ಕೋಟಿ ಸುರಿದ ಚಿತ್ರವೂ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರ್‌ನಲ್ಲಿ ಹಾಲಿವುಡ್ಡಿನ ಟಾಮ್ ಕ್ರೂಸ್ ನಿರ್ದೇಶಕ ಕ್ರಿಸ್ಟಫರ್ ಮೆಕ್ವಾರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ‘ದಯವಿಟ್ಟು ಇದನ್ನು ಆರಿಸಿ’ ಅಂತ ಪ್ರೇಕ್ಷಕರಿಗೆ ವಿಡಿಯೋದಲ್ಲಿ ಮನವಿ ಮಾಡಿಕೊಂಡ. ಮನೆಗೆ ತಂದ ಟಿವಿಯಲ್ಲಿ ಪಿಕ್ಚರ್ ಸೆಟ್ಟಿಂಗ್ಸಿಗೆ ಹೋಗಿ ‘ಮೋಷನ್’ ಅಂತ ಶುರುವಾಗುವುದನ್ನೆಲ್ಲ ಆಫ್ ಮಾಡಿ, ‘ವಿವಿಡ್’ ತೆಗೆದು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಇಡಿ. ಮೊದಲ ದಿನ ಹಳದಿ ಅನಿಸುತ್ತದೆ. ನಾಲ್ಕನೇ ದಿನಕ್ಕೆ ಹಳೆಯದು ನೀಲಿ ಅನಿಸುತ್ತದೆ.

ಅಜ್ಜಂಪುರದ ಡಬ್ಬಾ

ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಹಿರಿಯರೊಬ್ಬರ ಮನೆಯಲ್ಲಿ 21 ಇಂಚಿನ ಡಬ್ಬಾ ಟಿವಿ ಈಗಲೂ ಉಸಿರಾಡುತ್ತಿದೆ. 1998ರದು. ಎರಡು ಸಲ ಎಲ್‌ಓಟಿ ಬದಲಾಗಿದೆ, ಒಂದು ಸಲ ಹಲ್ಲಿ ಹೊಕ್ಕು ಬೋರ್ಡು ಶಾರ್ಟ್ ಆಗಿದೆ. ಪ್ರತಿ ಸಲವೂ ಕೆಟ್ಟ ಬಿಡಿಭಾಗ ಕಿತ್ತು ಹೊಸದು ಬೆಸುಗೆ ಹಾಕಿದರೆ ಮುಗಿಯಿತು. ಹಳೆಯದರ ಬಾಳಿಕೆಯ ಗುಟ್ಟು ಇದೇ. ಅದು ಕೆಡುತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಕೆಡುತ್ತಿತ್ತು, ಆದರೆ ತುಂಡು ತುಂಡಾಗಿ ಕೆಡುತ್ತಿತ್ತು. ಹಿರಿಯರು ಅದಕ್ಕೆ ಸೆಟ್‌ಟಾಪ್ ಬಾಕ್ಸಿನ ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸಿದ್ದಾರೆ.

“ಬಾರಪ್ಪ, ಕೂತ್ಕೋ, ಅಣ್ಣಾವ್ರದ್ದು ಬರ್ತೈತೆ” ಅಂದರು. ‘ಕಸ್ತೂರಿ ನಿವಾಸ’. 1971ರ ಕಪ್ಪು ಬಿಳುಪು ಪ್ರತಿ, 2014ರಲ್ಲಿ ಬಣ್ಣ ಬಳಿದು ಬಿಟ್ಟದ್ದಲ್ಲ. ಪಕ್ಕದ ಕೋಣೆಯಲ್ಲಿ ಮೊಮ್ಮಗನ 43 ಇಂಚಿನ ಎಲ್‌ಇಡಿ. ಅದರಲ್ಲೂ ಅದೇ ವಾಹಿನಿ ಹಾಕಿಸಿ, ಬಾಗಿಲಲ್ಲಿ ನಿಂತು ಎರಡನ್ನೂ ನೋಡಿದೆ.

ಎಲ್‌ಇಡಿಯಲ್ಲಿ ರಾಜಕುಮಾರ್ ದಪ್ಪಗಾಗಿದ್ದರು! ಯಾಕೆ? ಸಿನಿಮಾಸ್ಕೋಪ್ ಬರುವ ಮುಂಚಿನ ನಮ್ಮ ಚಿತ್ರಗಳು ಹೆಚ್ಚಿನವು ಹೆಚ್ಚು ಕಮ್ಮಿ 4ಕ್ಕೆ 3ರ ಅಳತೆ, ಡಬ್ಬಾ ಟಿವಿಯೂ ಅದೇ ಅಳತೆ. ಈಗಿನ ಟಿವಿ 16ಕ್ಕೆ 9. ಪರದೆ ತುಂಬಲೆಂದು ಯಾರೋ ಹಿಗ್ಗಿಸಿಟ್ಟಿದ್ದರು. ಮೂರು ಅಡಿ ಅಗಲದ ಮನುಷ್ಯ ನಾಲ್ಕು ಅಡಿಯಾದ. ಹಿಗ್ಗಿಸದೆ ‘ಝೂಮ್’ ಮಾಡಿದರೆ ಇನ್ನೊಂದು ಅನ್ಯಾಯ: ಎತ್ತರದ ಕಾಲು ಭಾಗ ಕತ್ತರಿಸಿ ಹೋಗುತ್ತದೆ, ತಲೆಯ ಪೇಟವೂ ಇಲ್ಲ, ಕೈಯಲ್ಲಿರುವುದೂ ಇಲ್ಲ. ರಿಮೋಟಿನಲ್ಲಿ 4:3 ಅಥವಾ ‘ಒರಿಜಿನಲ್’ ಹುಡುಕಿ ಒತ್ತಿದೆ. ಎಡಬಲಕ್ಕೆ ಕಪ್ಪು ಪಟ್ಟಿ ಬಂತು, ಅಣ್ಣಾವ್ರು ತಮ್ಮ ಮೈಕಟ್ಟಿಗೆ ಮರಳಿದರು. ಮೊಮ್ಮಗ “ಟಿವಿ ಸಣ್ಣ ಆಯ್ತಲ್ಲ ಅಣ್ಣಾ!” ಅಂತ ಪೇಚಾಡಿದ. 43 ಇಂಚಿಗೆ ಕೊಟ್ಟ ದುಡ್ಡು ಅವನ ಕಣ್ಣ ಮುಂದಿತ್ತು, ಪಾಪ. 1977ರ ‘ಸೊಸೆ ತಂದ ಸೌಭಾಗ್ಯ’ ಕನ್ನಡಕ್ಕೆ ಸಿನಿಮಾಸ್ಕೋಪ್ ತಂದಿತು ಅಂತಾರೆ. ಅಂಥ ಚಿತ್ರಗಳಲ್ಲಿ ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಪಟ್ಟಿ ಇದ್ದರೆ ನಷ್ಟವಲ್ಲ, ಚೌಕಟ್ಟು ಪೂರ್ತಿ ಬಂದಿದೆ ಅಂತ ಅರ್ಥ.

ಮುಖದ ನೆರಳು ಮಾತ್ರ ಡಬ್ಬಾದಲ್ಲೇ ಆಳವಾಗಿತ್ತು. ಹಾಗಂತ ಹಳೇದನ್ನು ಹುಡುಕಿಕೊಂಡು ಗುಜರಿಗೆ ಓಡಬೇಡಿ. ಹೊಸದು ತಯಾರಾಗುತ್ತಿಲ್ಲ, ಟ್ಯೂಬು ಸೋತರೆ ಬದಲಿ ಇಲ್ಲ, ಹಳೇ ಸೆಟ್ಟಿನಲ್ಲಿ ಆಫ್ ಮಾಡಿದ ಮೇಲೂ ಟ್ಯೂಬಿನೊಳಗೆ ಸಾವಿರಾರು ವೋಲ್ಟ್ ಕಚ್ಚಿಕೊಂಡು ಕೂತಿರುತ್ತದೆ. ಅದು ಹಿರಿಯರ ಮನೆಯಲ್ಲೇ ಚೆಂದ. ಆದರೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ದುರಸ್ತಿಯಾಗಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಮತ್ತೆ ತೆರೆ ಕಂಡಿತಲ್ಲ, ಎಸ್. ರಾಮಚಂದ್ರ ಹಿಡಿದ ಆ ಕಪ್ಪು ಬಿಳುಪು ನಾಳೆ ನಮ್ಮ ಮನೆಗೆ ಬಂದಾಗ ಅದನ್ನು ಬೂದಿ ಮಾಡದ ಟಿವಿ ಬೇಕು ಅಂತ ಅವತ್ತು ಬಾಗಿಲಲ್ಲಿ ನಿಂತೇ ಅನಿಸಿತು.

ಹಾಗಾದರೆ ಯಾವುದು?

ಹತ್ತು ಹದಿನೈದು ಸಾವಿರದವರು 32 ಇಂಚಿಗೆ ನಿಲ್ಲಿ. ಅದಕ್ಕೆ 4ಕೆ ಆಸೆ ಬೇಡ. ಹಳೇ ಹಾಡುಗಳ ಯೂಟ್ಯೂಬ್ ಪ್ರತಿಗಳು 480 ಸಾಲಿನವು, ದೊಡ್ಡ ಪರದೆಗೆ ಹಾಕಿದರೆ ಗೋಣಿಚೀಲದ ಮೇಲೆ ಬರೆದ ಹಾಗೆ ಕಾಣುತ್ತವೆ. 43ರಿಂದ 55 ಇಂಚಿನವರು: ಎದುರಿಗೇ ಕೂರುವವರಾದರೆ ವಿಎ ಪ್ಯಾನೆಲ್, ಹಿಂಬದಿಯಲ್ಲಿ ಪೂರ್ತಿ ಬಲ್ಬು ಹರಡಿದ್ದು, ಮೈ ಸ್ವಲ್ಪ ದಪ್ಪ ಇದ್ದರೂ ಚಿಂತೆಯಿಲ್ಲ. ಕ್ಯೂಎಲ್‌ಇಡಿ ಹೆಸರಿಗೆ ಎರಡು ಮೂರು ಸಾವಿರ ಹೆಚ್ಚು ಕೊಡಬಹುದು, ಹತ್ತು ಸಾವಿರ ಕೊಡಬಾರದು. ಜೇಬು ಇನ್ನೂ ಗಟ್ಟಿಯಿದ್ದರೆ ಮಿನಿ ಎಲ್‌ಇಡಿ ನೋಡಿ. ಹಿಂದಿನ ಸಣ್ಣ ಸಣ್ಣ ಬಲ್ಬುಗಳನ್ನು ಗುಂಪು ಗುಂಪಾಗಿ ಆರಿಸಿ ಹಚ್ಚುವುದರಿಂದ ಕಪ್ಪು ಸುಧಾರಿಸುತ್ತದೆ, ಸುದ್ದಿ ಪಟ್ಟಿಯ ಭಯವೂ ಇಲ್ಲ. ನನ್ನ ಮತ ಕೇಳಿದರೆ ನಮ್ಮ ಮನೆಗಳಿಗೆ ಓಎಲ್‌ಇಡಿಗಿಂತ ಇದೇ ವಾಸಿ.

ಒಂದೇ ಕಂಪನಿ, ಒಂದೇ ಅಳತೆ, ಒಂದೇ ಹೆಸರು. ಆದರೂ ಒಂದರಲ್ಲಿ ವಿಎ, ಇನ್ನೊಂದರಲ್ಲಿ ಐಪಿಎಸ್ ಇರಬಹುದು. ಆದ್ದರಿಂದ ನೋಡಿ ಮೆಚ್ಚಿದ ಸೆಟ್ಟಿನ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬಿಲ್ಲಿನಲ್ಲಿ ಬರೆಸಿ. ಮನೆಗೆ ಬಂದ ಡಬ್ಬದ ಮೇಲೂ ಅದೇ ಇದೆಯೇ ನೋಡಿ ಆಮೇಲೆ ಬಿಚ್ಚಿ. ವಾರಂಟಿ ಒಂದು ವರ್ಷವೋ ಎರಡೋ, ಪ್ಯಾನೆಲ್ಲಿಗೆ ಬೇರೆ ಇದೆಯೋ ಅಂತ ಕೇಳಿ. ಕಂತು ಅದಕ್ಕಿಂತ ಉದ್ದ ಇರದ ಹಾಗೆ ನೋಡಿಕೊಳ್ಳಿ.

ಬೀರೂರಿನಿಂದ ಪ್ರೊಜೆಕ್ಟರ್ ಬಗ್ಗೆ ಕೇಳಿದ ಮಿತ್ರರಿಗೆ: ಐದಾರು ಸಾವಿರದ ಡಬ್ಬದ ಮೇಲೆ ‘4ಕೆ’ ಅಂತ ದೊಡ್ಡಕ್ಷರದಲ್ಲಿ ಇದ್ದರೆ ಮಾರುಹೋಗಬೇಡಿ. ‘ನೇಟಿವ್’ ಅಂತ ಸಣ್ಣಕ್ಷರದ ಸಾಲೊಂದು ಇರುತ್ತದೆ, ಅಲ್ಲಿ 1280 x 720 ಅಂತ ಬರೆದಿದ್ದರೆ ನಿಮಗೆ ಕಾಣುವುದು ಅಷ್ಟೇ. ಕಿಟಕಿ ಪೂರ್ತಿ ಮುಚ್ಚಿದ ಕೋಣೆ ಇದ್ದರೆ ರಾತ್ರಿ ಹೊತ್ತು ನಡೆಯುತ್ತದೆ. ಗಣಪತಿ ಪೆಂಡಾಲಿನಲ್ಲಿ ಹಗಲು ಹಾಕಿದರೆ ಗಣಪತಿಯ ಬೆನ್ನ ಹಿಂದಿನ ಬಿಳಿ ಬಟ್ಟೆ ಮಾತ್ರ ಕಾಣುತ್ತದೆ.